ಎಣ್ಣೆ ಹತ್ತಿದ ಹಾಳೆ

ಪರೀಕ್ಷೆಗೆ ಓದುವ ಮಗುವನ್ನು ಸ್ವಲ್ಪ ಸುಮ್ಮನೆ ಬಿಟ್ಟರೆ ಮನೆಯವರ ಗಂಟೇನು ಹೋಗುತ್ತದೆ ಎಂಬುದು ನನಗೆ ಈ ವಯಸ್ಸಿಗೂ ತಿಳಿದಿಲ್ಲ. ಮೊನ್ನೆ ನೆರೆಮನೆಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಪುಸ್ತಕದ ಮುಂದೆ ಕೂತಿದ್ದಳು. ಒಂದು ಕಡೆ ತಾಯಿ ನೆನೆಸಿದ ಬಾದಾಮಿ ಹಿಡಿದು ನಿಂತಿದ್ದಳು, ಇನ್ನೊಂದು ಕಡೆ ತಂದೆ ಗಡಿಯಾರ ನೋಡುತ್ತ ನಿಂತಿದ್ದ. ಹುಡುಗಿಯ ಮುಖ ನೋಡಿ ನನ್ನ ಹೊಟ್ಟೆ ಉರಿಯಿತು. ಪುಣ್ಯವಂತೆ, ಅವಳಿಗೆ ಬಾದಾಮಿಯಾದರೂ ಸಿಕ್ಕಿತು. ನನಗೆ ಸಿಕ್ಕಿದ್ದು ಔಡಲ ಎಣ್ಣೆ.

ಆಗ ನಾವು ಭಾಲ್ಕಿಯಲ್ಲಿದ್ದೆವು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಡಳಿತ ಮುಗಿದಿತ್ತು, ಹೈದರಾಬಾದ್ ಸಂಸ್ಥಾನ ಎಂಬ ಹೆಸರು ಮಾತ್ರ ಇನ್ನೂ ಉಳಿದಿತ್ತು. ಅಪ್ಪ ತಹಸೀಲ್ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವು ಆಡುವುದು ಕನ್ನಡ, ಔರಾದಿನಿಂದ ಅವ್ವನ ತವರಿನವರು ಬಂದರೆ ಮರಾಠಿ, ಕಚೇರಿಗೂ ಶಾಲೆಗೂ ಉರ್ದು. ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಊಟಕ್ಕೊಂದು ತಟ್ಟೆ, ಪೂಜೆಗೊಂದು ತಟ್ಟೆ ಇದ್ದ ಹಾಗೆ ಭಾಷೆಗಳೂ ಇದ್ದವು. ನಾನು ನಾಲ್ಕನೇ ತರಗತಿಯವರೆಗೆ ಓದಿದ್ದೆಲ್ಲ ಉರ್ದುವಿನಲ್ಲೇ.

ಗಲಾಟೆಯ ದಿನಗಳಲ್ಲಿ ಶಾಲೆ ತಿಂಗಳುಗಟ್ಟಲೆ ಮುಚ್ಚಿತ್ತು. ಮತ್ತೆ ತೆರೆದಾಗ ಬಾಗಿಲ ಮೇಲಿನ ಉರ್ದು ಹಲಗೆ ಇರಲಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ, ನನ್ನ ಪಾಟಿಯನ್ನು ತನ್ನ ದುಪಟ್ಟಾದ ಚುಂಗಿನಿಂದ ಒರೆಸಿಕೊಡುತ್ತಿದ್ದ ಗೆಳತಿಯೂ ಇರಲಿಲ್ಲ. ಅವರ ಮನೆಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರು ಎಂದು ಕೇಳಿದ್ದಕ್ಕೆ ಅಪ್ಪ, “ಹೋದ್ರು, ಸುಮ್ಮ್ ಕೂಡು” ಎಂದರು. ಆ ವರ್ಷ ನನ್ನ ಯಾವ ಪ್ರಶ್ನೆಗೂ ಇದಕ್ಕಿಂತ ದೊಡ್ಡ ಉತ್ತರ ಸಿಗಲಿಲ್ಲ.

ಹೊಸ ಮಾಸ್ತರು ಧಾರವಾಡದ ಕಡೆಯವರು. ಕರಿ ಟೊಪ್ಪಿಗೆ, ಬಿಳಿ ಧೋತರ, ಎಂಥ ಮಾತನ್ನೂ ನಗದೆ ಹೇಳುವ ಮುಖ. ಮೊದಲ ದಿನ ಕನ್ನಡದಲ್ಲಿ ಹೆಸರು ಬರೆಯಿರಿ ಎಂದರು. ಶಾಲೆ ಮುಚ್ಚಿದ್ದಾಗ ತಮ್ಮ ಊರ ಮಠಕ್ಕೆ ಹೋಗಿ ಕನ್ನಡ ಕಲಿತಿದ್ದ; ಮನೆಯಲ್ಲಿ ಅವನ ಪುಸ್ತಕ ನೋಡಿ ಕಲಿತ ನಾಲ್ಕು ಅಕ್ಷರ ನನಗೂ ಬರುತ್ತಿದ್ದವು. ಉರ್ದು ಬರೆದ ಅಭ್ಯಾಸಬಲದಿಂದ ಪಾಟಿಯ ಬಲತುದಿಯಿಂದ ಶುರು ಮಾಡಿದೆ. ಕೈ ಹೋಗುವುದು ಎಡಕ್ಕೆ, ಅಕ್ಷರ ಹೋಗಬೇಕಾದದ್ದು ಬಲಕ್ಕೆ. ಎರಡೂ ಗುದ್ದಾಡಿ ಒಂದರ ಮೇಲೊಂದು ಬಿದ್ದವು. ಮಕ್ಕಳೆಲ್ಲ ನಕ್ಕರು. ಮಾಸ್ತರು ನಗಲಿಲ್ಲ. “ಬ್ಯಾಸಿಗಿ ಸೂಟಿಗಿಂತ ಮೊದಲ ಪರೀಕ್ಷಾ ಅದ. ಸಾಲಿ ಮುಚ್ಚಿತ್ತಂತ ಈ ವರ್ಷ ಯಾರೂ ಮ್ಯಾಲಿನ ವರ್ಗಕ್ಕ ಹೋಗಂಗಿಲ್ಲ. ಕನ್ನಡ ಬರಿಯೂದು ಬಂದವ್ರು ತಮ್ಮ ವರ್ಗದಾಗ ಇರ್ತಾರ. ಬರೀಲಿಕ್ಕೆ ಆಗದವ್ರು ಎರಡನೇತ್ತಕ್ಕ ಇಳೀತಾರ” ಎಂದರು.

ಎರಡನೇ ತರಗತಿಯಲ್ಲಿ ನನ್ನ ತಮ್ಮನಿದ್ದ. ಅವನ ಖುಷಿಯನ್ನು ಏನು ಹೇಳಲಿ. ಸಂಜೆ ಊಟಕ್ಕೆ ಕೂತಾಗ ಬಾಯ್ತುಂಬ ಭಕ್ಕರಿ ಇಟ್ಟುಕೊಂಡೇ, “ಅಕ್ಕಾ, ನನ್ನ ಬಾಜೂಕ ಜಾಗಾ ಹಿಡದಿಟ್ಟೇನಿ. ಆದ್ರ ಕಿಡಕಿ ಕಡಿ ನಾ ಕೂಡ್ತೇನಿ ನೋಡು” ಎಂದ. ನಾನು ಅವನ ತೊಡೆ ಚಿವುಟಿದೆ. ಅಪ್ಪ ತುತ್ತು ನಿಲ್ಲಿಸಿ, “ತಮ್ಮನ ಜೋಡಿ ಕೂಡೋ ಪಾಳಿ ಬಂತಂದ್ರ ಸಾಲೀನ ಬ್ಯಾಡ. ಮನ್ಯಾಗ ಇರ್ಲಿ. ಮಂದಿ ನಗೂದು ನಂಗ ಬ್ಯಾಡ” ಎಂದರು. ಅಪ್ಪ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಗೋಳು. ಅವ್ವ ಬಾಣಂತನಕ್ಕೆಂದು ಔರಾದಿಗೆ ಹೋಗಿದ್ದಳು. ಅವಳಿದ್ದರೆ ನಡುವೆ ಬಂದು ಒಂದು ಮಾತು ಹೇಳುತ್ತಿದ್ದಳೋ ಏನೋ. ಮನೆಯಲ್ಲಿ ಉಳಿದವರು ಅಪ್ಪ ಮತ್ತು ಅಪ್ಪನ ತಾಯಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಖಟಕ ಚಿಂಚೋಳಿಯ ಒಕ್ಕಲುಮನೆಯ ಹೆಣ್ಣು, ಗಟ್ಟಿ ದನಿ, ಗಟ್ಟಿ ಕೈ.

ಅಪ್ಪನಿಗೆ ಉರ್ದು ಸೊಗಸಾಗಿ ಬರುತ್ತಿತ್ತು, ಮರಾಠಿಯ ಮೋಡಿ ಲಿಪಿಯೂ ಬರುತ್ತಿತ್ತು. ಕನ್ನಡ ನಾಲಗೆಯ ಮೇಲಷ್ಟೇ ಇತ್ತು. ಒಂದಕ್ಷರ ಓದಲು ಬರುತ್ತಿರಲಿಲ್ಲ. ಹೀಗಾಗಿ ನಾನು ಓದುತ್ತಿದ್ದೇನೋ ಇಲ್ಲವೋ ಎಂಬುದನ್ನು ಅವರು ಕಿವಿಯಿಂದಲೇ ಅಳೆಯಬೇಕಿತ್ತು. ನಸುಕಿನಲ್ಲಿ ಎಬ್ಬಿಸಿ ಪಡಸಾಲೆಯಲ್ಲಿ ಕೂರಿಸಿ, ತಾವು ಹೊರಗೆ ಕಟ್ಟೆಯ ಮೇಲೆ ಬೇವಿನಕಡ್ಡಿ ಜಗಿಯುತ್ತ ಕೂರುತ್ತಿದ್ದರು. ನನ್ನ ದನಿ ಸ್ವಲ್ಪ ಇಳಿದರೆ ಸಾಕು, “ಜೋರಾಗಿ ಓದು! ಇಲ್ಲೀತನ ಕೇಳಿಸ್ಬೇಕು!” ತಿಳಿಯದ ಅಕ್ಷರ ಬಂದಾಗ ನಿಲ್ಲಬೇಕೆಂದರೂ ನಿಲ್ಲುವಂತಿರಲಿಲ್ಲ. ನಿಂತರೆ ಓದಿದ ಹಾಗಲ್ಲ. ಕಡೆಗೆ ನನಗೆ ತೋಚಿದ್ದನ್ನೇ ಹಾಡಿದ ಹಾಗೆ ಕೂಗತೊಡಗಿದೆ. ಒಂದು ದಿನ ಹಾಲಿನವಳು ಕೊಟ್ಟ ಹಾಲಿನ ಲೆಕ್ಕವನ್ನೇ ರಾಗವಾಗಿ ಒದರಿದೆ. ಅದೂ ಪುಸ್ತಕದ ಲೆಕ್ಕವೆಂದುಕೊಂಡರೋ ಏನೋ, ಅಪ್ಪ ಕಟ್ಟೆಯಿಂದ, “ಶಾಭಾಸ್” ಎಂದರು. ನಗಬೇಕೋ ಅಳಬೇಕೋ ಹೇಳಿ.

ಇತ್ತ ಆಯಿಯ ಲೆಕ್ಕವೇ ಬೇರೆ. ಓದಿದರೆ ನೆತ್ತಿ ಕಾಯುತ್ತದೆ, ನೆತ್ತಿ ಕಾದರೆ ಕಣ್ಣು ಹೋಗುತ್ತದೆ, ಕಣ್ಣು ಹೋದರೆ ಹೆಣ್ಣುಹುಡುಗಿಯ ಗತಿಯೇನು. ಅಪ್ಪ ಕಟ್ಟೆಗೆ ಹೋಗುತ್ತಲೇ ಅವಳು ಎಣ್ಣೆಬಟ್ಟಲು ಹಿಡಿದು ನನ್ನ ಹಿಂದೆ ಕೂರುತ್ತಿದ್ದಳು. ಔಡಲ ಎಣ್ಣೆ ಎಂದರೆ ಹರಳೆಣ್ಣೆ, ನೀರಿನ ಹಾಗೆ ಹರಿದು ಹೋಗುವಂಥದಲ್ಲ, ಹತ್ತಿದ್ದು ಹತ್ತಿದ್ದೇ. ಅಂಗೈತುಂಬ ಸುರಿದು ನೆತ್ತಿಯ ಮೇಲೆ ತಟ್ಟಿ ತಟ್ಟಿ ಇಳಿಸುವಳು. ಜಡೆ ತೊಯ್ದು ಕುಪ್ಪಸದ ಬೆನ್ನು ತೊಯ್ಯುತ್ತಿತ್ತು. ಸಂಜೆ ನಾನು ಕಂದೀಲು ಹಚ್ಚಿ ಪುಸ್ತಕ ತೆಗೆದರೆ ಬಂದು ಉಫ್ ಎಂದು ಆರಿಸಿಬಿಡುವಳು. ಅಪ್ಪ ಬಂದು ಹಚ್ಚುವರು, ಅವಳು ಆರಿಸುವಳು. ನಡುವೆ ನಾನು.

“ಅವ್ವಾ, ದೀಪಾ ಯಾಕ ಆರಸ್ತಿ? ನಾಪಾಸಾದ್ರ ಮಾಸ್ತರ ನೆತ್ತಿಗಿ ಹೋಗಿ ಎಣ್ಣಿ ಹಚ್ತಿಯೇನು?” ಎಂದು ಅಪ್ಪ ಆಯಿಯನ್ನು ಕೇಳುವರು.

“ಹಚ್ತೇನಿ, ನೀ ಏನ್ ಕೇಳ್ತಿ! ಪೋರಿ ಮಾರಿ ನೋಡು ಹ್ಯಾಂಗ ಬಾಡ್ಯದ. ಓದಿ ಓದಿ ತಲಿ ಕೆಟ್ಟು ಖುಳಿ ಆದ್ರ ನೀ ಆಸರಾ ಆಗ್ತಿಯೇನು?”

“ಖುಳಿ ಆಗ್ಲಿಕ್ಕೆ ಏನ್ ಓದ್ಯಾಳ ಅಂತ!”

ನನ್ನ ಮುಖ ಬಾಡಿದ್ದು ಓದಿನಿಂದಲ್ಲ. ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಮಜ್ಜಿಗೆ, ಮೆಂತ್ಯ ನೆನೆಸಿದ ಮಜ್ಜಿಗೆ, ಎಲ್ಲ ತಂಪಿಗೆಂದು. ಖಾರ ಬಂದ್, ಭಕ್ಕರಿಗೆ ಹಚ್ಚುವ ಶೇಂಗಾ ಹಿಂಡಿ ಬಂದ್. ಆಟವಂತೂ ಇಬ್ಬರ ಕಡೆಯಿಂದಲೂ ಬಂದ್: ಅಪ್ಪನಿಗೆ ಅದು ಹೊತ್ತು ಹಾಳು, ಆಯಿಗೆ ಬಿಸಿಲು. ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು ಇದೊಂದರಲ್ಲಿ. ನನಗೆ ಬೇಕಾದದ್ದು ಎರಡೇ: ಯಾರಾದರೂ ಪಕ್ಕ ಕೂತು ಒತ್ತಕ್ಷರ ತೋರಿಸಬೇಕು, ಆಮೇಲೆ ಸ್ವಲ್ಪ ಹೊತ್ತು ಕುಂಟಾಟಕ್ಕೆ ಬಿಡಬೇಕು. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಔರಾದಿಗೆ ಹೋಗುವ ಬಂಡಿಯವನ ಕೈಲಿ ಅವ್ವನಿಗೆ ಹೇಳಿ ಕಳಿಸಿದೆ. ಹೊರಳಿ ಬಂದ ಮಾತು, “ಅಪ್ಪಾ ಹೇಳ್ದಂಗ ಓದು, ಆಯಿ ಹೇಳ್ದಂಗ ಇರು” ಎಂದಿತ್ತು. ಅಷ್ಟು ದೂರದಿಂದ ಇಂಥ ಸಲಹೆ ಕೊಡಲು ಅವ್ವನೇ ಬೇಕು.

ಕೊನೆಗೆ ನನಗೆ ಕಲಿಸಿದವನು ಆ ತಮ್ಮನೇ. ಶಾಲೆಯಿಂದ ಬರುವಾಗ ದಾರಿಯ ಬಾರಿಗಿಡದ ಕೆಳಗೆ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸುತ್ತಿದ್ದ. ಫೀಸು ಬಾರಿಹಣ್ಣು, ಮುಳ್ಳಿನ ಗಿಡಕ್ಕೆ ಕೈಹಾಕಿ ಕಿತ್ತುಕೊಡಬೇಕಾದವಳು ನಾನು. ತಪ್ಪಿದರೆ, “ಇಷ್ಟೂ ಬರಲ್ಲೇನ್ ನಿನಗ?” ಎಂದು ಮಾಸ್ತರ ಹಾಗೆಯೇ ಮುಖ ಮಾಡುತ್ತಿದ್ದ. ಆ ಅವಮಾನ ನುಂಗಿಕೊಂಡು ಕಲಿತೆ. ಪರೀಕ್ಷೆಯ ಹೊತ್ತಿಗೆ ಪಾಠವೊಂದನ್ನು ನೋಡದೆ ಬರೆಯುವಷ್ಟು ಕೈ ಕುದುರಿತ್ತು. ಹಿಂದಿನ ದಿನ ತಮ್ಮ, “ಅಕ್ಕಾ, ನೀ ನಮ್ಮ ವರ್ಗಕ್ಕ ಬರಲ್ಲ ಕಾಣ್ತದ” ಎಂದು ಸಪ್ಪಗಾದ. ನನಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಪರೀಕ್ಷೆಯ ದಿನ ಅಪ್ಪ ನಸುಕಿನಲ್ಲಿ ಎಬ್ಬಿಸಿ ಒದರಿಸಿದರು. ಮುಗಿಯುತ್ತಿದ್ದಂತೆ ಆಯಿ ಹಿಡಿದುಕೊಂಡಳು. ದಿನದ ಎಣ್ಣೆ ಸಾಲದೆಂದು ಅಂದು ಬಟ್ಟಲನ್ನೇ ಮಗುಚಿದಳು. “ಒರಸಿದ್ರ ನೋಡು! ಸಾಲಿ ಬಿಡೂತನ ನೆತ್ತಿ ಹಸೀ ಇರ್ಬೇಕು.” ಒರೆಸಿಕೊಳ್ಳಲು ಹಿತ್ತಿಲಿಗೆ ಓಡಿದೆ. ಅಲ್ಲಿಗೂ ಬಂದು ನಿಂತಳು. ನನಗೆ ಅಳು ಬಂತು, ಅವಳು ಅದನ್ನೂ ಉಷ್ಣ ಎಂದಳು.

ಶಾಲೆಯ ತಗಡಿನ ಮಾಡು ಬಿಸಿಲಿಗೆ ಕಾದಿತ್ತು. ಮಾಸ್ತರು ಒಬ್ಬೊಬ್ಬರಿಗೆ ಒಂದೊಂದೇ ಹಾಳೆ ಕೊಟ್ಟು, ಪಾಠ ನೋಡದೆ ಬರೆಯಿರಿ ಎಂದರು. ಆಗ ಕಾಗದಕ್ಕೆ ಬಹಳ ಕೊರತೆ. ನಾನು ಟಾಕನ್ನು ಮಸಿಗೆ ಅದ್ದಿ, ಎಡತುದಿಯಿಂದ, ನೆನಪಿಟ್ಟು ಎಡತುದಿಯಿಂದಲೇ, ಶುರು ಮಾಡಿದೆ. ಎರಡು ಸಾಲು ಚೆಂದ ಬಂದವು. ಅಷ್ಟರಲ್ಲಿ ಹಣೆಯಿಂದ ಎಣ್ಣೆ ಇಳಿಯಿತು. ಕೈಯಿಂದ ಒರೆಸಿದೆ, ಆ ಕೈಯನ್ನೇ ಹಾಳೆಯ ಮೇಲಿಟ್ಟೆ. ಮೂರನೇ ಸಾಲಿಗೆ ಮಸಿ ಹತ್ತಲಿಲ್ಲ. ಟಾಕು ಕರಕರ ಎನ್ನುತ್ತದೆ, ಅಕ್ಷರ ಮೂಡುವುದಿಲ್ಲ. ಲಂಗದಿಂದ ಒರೆಸಿದೆ, ಲಂಗದಲ್ಲೂ ಎಣ್ಣೆ. ಒತ್ತಿ ಬರೆದೆ, ಇನ್ನೂ ಒತ್ತಿ ಬರೆದೆ. ಗೊತ್ತಿದ್ದ ಪಾಠ, ಬರುವ ಅಕ್ಷರ, ಬರೆಯುವ ಕೈ, ಎಲ್ಲವೂ ಇದ್ದು ಹಾಳೆ ಮಾತ್ರ ಖಾಲಿ. ಹಲ್ಲು ಕಚ್ಚಿ ಕೊನೆಯ ಸಾಲಿನವರೆಗೂ ಗೀಚಿದೆ.

ಹಾಳೆ ಇಸಿದುಕೊಂಡ ಮಾಸ್ತರು ಅದನ್ನು ಎರಡು ಬೆರಳಲ್ಲಿ ಹಿಡಿದು, “ಏನವಾ ಇದು? ಬರಿಯೋ ಹಾಳಿನೋ, ಭಜಿ ಕಟ್ಟಿದ ಹಾಳಿನೋ?” ಎಂದರು.

“ನಮ್ಮ ಆಯೀಗಿ ಕೇಳ್ರಿ!” ಎಂದು ಚೀರಿದೆ. ಮಾಸ್ತರರ ಮುಂದೆ ಹಾಗೆ ಚೀರಿದ್ದು ಆ ಶಾಲೆಯಲ್ಲಿ ನಾನೇ ಮೊದಲಿರಬೇಕು. ಅಪ್ಪನನ್ನು ಕರೆಸಿದರು.

ಕಚೇರಿಯಿಂದ ಬಂದ ಅಪ್ಪ ಬಾಗಿಲಲ್ಲಿ ಟೊಪ್ಪಿಗೆ ಸರಿಮಾಡಿಕೊಂಡು ನಿಂತರು. ಮಾಸ್ತರು ಹಾಳೆ ಅವರ ಕೈಗೆ ಕೊಟ್ಟರು. “ಎರಡು ಸಾಲ ಬಿಟ್ರ ಏನೂ ಇಲ್ರಿ. ನೀವೇ ಓದಿ ನೋಡ್ರಿ.” ಅಪ್ಪ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಮಸಿ ಹತ್ತಿದ್ದ ಆ ಎರಡು ಸಾಲು ಕೂಡ ಅವರಿಗೆ ಖಾಲಿಯೇ ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವರ ಕಿವಿ ಕೆಂಪಾಯಿತು. ಹೇಗಾದರೂ ಮಾಸ್ತರರ ಕಣ್ಣು ತಪ್ಪಿಸಬೇಕಾಗಿತ್ತೋ ಏನೋ, ಕಿಟಕಿಯ ಬೆಳಕಿಗೆ ಅದನ್ನು ಎತ್ತಿ ಹಿಡಿದರು. ಎಣ್ಣೆ ಕುಡಿದ ಕಾಗದ ಬೆಳಕಿಗೆ ತಿಳಿಯಾಯಿತು. ಟಾಕು ಕೊರೆದ ಗೀರುಗಳೆಲ್ಲ, ಸಾಲು ಸಾಲಾಗಿ, ತಳದವರೆಗೆ ಕಂಡವು.

“ಮಾಸ್ತರ್ರೀ, ಬರದಾಳ ನೋಡ್ರಿ” ಎಂದರು ಅಪ್ಪ. ಏನು ಬರೆದಿದ್ದೇನೆ ಎಂದು ಅವರಿಗೆ ತಿಳಿಯದು; ಬರೆದಿದ್ದೇನೆ ಎಂಬುದಷ್ಟೇ ಕಂಡಿತ್ತು.

ಮಾಸ್ತರು ಕಿಟಕಿಯ ಬಳಿ ನಿಂತು ಕೊನೆಯವರೆಗೂ ಓದಿದರು. ಒತ್ತಕ್ಷರದ ತಪ್ಪುಗಳು ಬಹಳ ಇದ್ದವು. ನಾಲ್ಕನೇ ತರಗತಿಗೆ ಸಾಲದು, ಎರಡನೇ ತರಗತಿಗೆ ಹೆಚ್ಚಾಯಿತು ಎಂದು ಮೂರನೇ ತರಗತಿಗೆ ಹಾಕಿದರು. ಒಂದು ವರ್ಷ ಹೋದದ್ದಕ್ಕೆ ನಾನು ದಾರಿಯುದ್ದಕ್ಕೂ ಅತ್ತೆ. ಆದರೆ ಶಾಲೆ ಉಳಿಯಿತು; ಅಪ್ಪ ಬೇಡವೆಂದದ್ದು ತಮ್ಮನ ವರ್ಗವನ್ನಷ್ಟೇ. ಆಯಿ ನಡೆದದ್ದನ್ನೆಲ್ಲ ಕೇಳಿ, “ಎಣ್ಣಿ ಇತ್ತಂತ ಕಂಡ್ತು” ಎಂದಳು.

ಮುಂದಿನ ಮಳೆಗಾಲದ ಹೊತ್ತಿಗೆ ಅವ್ವ ಕೂಸನ್ನು ಎತ್ತಿಕೊಂಡು ಔರಾದಿನಿಂದ ಬಂದಿದ್ದಳು. ಒಂದು ಸಂಜೆ ಅಪ್ಪ ಕಚೇರಿಯಿಂದ ಬಂದವರು ಚಹಾ ಕೂಡ ಕುಡಿಯದೆ ಕೂತರು. ಗುಮಾಸ್ತರೆಲ್ಲ ಕನ್ನಡ ಕಲಿಯಬೇಕು, ಬೀದರಿನಲ್ಲಿ ಪರೀಕ್ಷೆ ಕೊಡಬೇಕು ಎಂದು ಹುಕುಂ ಬಂದಿತ್ತು. ನಾಪಾಸಾದರೆ ಕೆಳಗಿನ ಕೆಲಸ. ಮರುದಿನ ಅವರು ತಮ್ಮನ ಮೊದಲ ಪುಸ್ತಕ ತೆಗೆದುಕೊಂಡು ಪಡಸಾಲೆಯಲ್ಲಿ, ನನ್ನ ಜಾಗದಲ್ಲೇ ಕೂತರು. ಆಯಿ ಎಣ್ಣೆಬಟ್ಟಲು ತಂದಳು. ಅಪ್ಪ ಟೊಪ್ಪಿಗೆ ತೆಗೆದು ತಲೆ ಬಗ್ಗಿಸಿದರು.

ನನಗೆ ಇಂಥ ದಿನ ಮತ್ತೆ ಸಿಕ್ಕೀತೇ? ಓಡಿಹೋಗಿ ಕಟ್ಟೆಯ ಮೇಲೆ ಕೂತೆ. “ಜೋರಾಗಿ ಓದ್ರಿ ಅಪ್ಪಾ! ಇಲ್ಲೀತನ ಕೇಳಿಸ್ಬೇಕು!” ಎಂದು ಕೂಗಬೇಕೆಂದು ಬಾಯಿ ತೆರೆದೆ.

ಒಳಗಿನಿಂದ ಅಪ್ಪನ ದನಿ ಬಂತು, ಬಹಳ ಸಣ್ಣ ದನಿ. “ಇಲ್ಲಿ ಬಾರವ್ವಾ. ಬಾಜೂಕ ಕೂಡು. ಇದು ಹ್ಯಾಂಗ ಬರೀತಾರ, ತೋರ್ಸು.”

ಹೋದೆ. ಸಿಟ್ಟು ಇಳಿದಿರಲಿಲ್ಲ, ಆದರೂ ಹೋಗಿ ಕೂತೆ. ಅಪ್ಪ ಪಾಟಿ ತೊಡೆಯ ಮೇಲಿಟ್ಟುಕೊಂಡು, ಬಳಪ ಹಿಡಿದು, ಬಲತುದಿಯಿಂದ ಶುರು ಮಾಡಿದರು. ನಾನು ಅವರ ಎಣ್ಣೆಗೈಯನ್ನು ಹಿಡಿದು ಎಡಕ್ಕೆ ತಂದು ಇಟ್ಟೆ.