ವಡೆ ಕರಿಯುವ ಎಣ್ಣೆಯಲ್ಲ

ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಹೆಂಡತಿ ತೀರಿಹೋದ ಮೇಲೆ ಕಾರು ಮನೆಯಿಂದ ಹತ್ತಿರದ ಹೋಟೆಲಿಗೆ ಮಾತ್ರ ಓಡುತ್ತಿತ್ತು. ಟರ್ಬೊ ಕಾರು, ಅವಳೇ ಆರಿಸಿದ್ದು. ಕೆಡಬಾರದೆಂದು ಗ್ಯಾರೇಜಿಗೆ ಒಯ್ದೆ.

ಮೆಕ್ಯಾನಿಕ್ ಎಂಜಿನ್ನಿನಿಂದ ಎಳೆದ ಅಳತೆ ಕಡ್ಡಿಗೆ ಅಂಟಿದ ಆಯಿಲ್ ನೋಡಿ, "ಕಪ್ಪಾಗಿಲ್ಲ, ಇನ್ನೂ ನಡೆಯುತ್ತದೆ" ಅಂದೆ.

ಬಿಜಾಪುರದವನಾದ ಅವನು ನಕ್ಕ. "ಇದು ವಡಾ ಕರಿಯೋ ಎಣ್ಣಿ ಅಲ್ರೀ ಕಾಕಾ. ಮೂಸಿ ನೋಡ್ರಿ."

ಪೆಟ್ರೋಲ್ ವಾಸನೆ ಬಂತು.

"ಈಗಿನ ಪೆಟ್ರೋಲಿನ್ಯಾಗ ಎಥನಾಲ್ ಐತಿ. ಎಂಜಿನ್ ಪೂರಾ ಬಿಸಿ ಆಗೂಕಿಂತ ಮೊದ್ಲ ಬಂದ್ ಮಾಡಿದ್ರ ಪೆಟ್ರೋಲು, ನೀರು ಎಲ್ಲಾ ಆಯಿಲಿನ್ಯಾಗ ಉಳೀತಾವ. ಆಯಿಲ್ ತೆಳ್ಳಗಾಗಿ ಟರ್ಬೊ ಹೋಗತೈತಿ. ಕಿಲೋಮೀಟರ್ ನೋಡಬ್ಯಾಡ್ರಿ, ಆರು ತಿಂಗಳಿಗೆ ಬದಲಿ ಮಾಡ್ರಿ. ಆಯಿಲ್ ಪೂರಾ ಬಿಸಿ ಆಗಾಕ ವಾರಕ್ಕೊಮ್ಮೆ ಟಿಟ್ವಾಳಾ ಗಣಪತಿ ಗುಡಿತನಕ ಓಡಸ್ರಿ."

"ಒಬ್ಬನೇ ಅಲ್ಲಿಗೆ ಹೋಗಿ ಏನು ಮಾಡಲಿ?"

"ನಿಮಗಲ್ರೀ, ಆಯಿಲಿಗೆ ಹೇಳಿದ್ದು."

ಈಗ ವಾರವಾರ ಹೋಗುತ್ತೇನೆ. ಆಯಿಲ್ ಬಿಸಿ ಮಾಡಲು ಬಂದೆ ಅಂತ ಅಲ್ಲಿಯ ಗಣಪತಿಗೆ ಹೇಳಲು ಮಾತ್ರ ಸಂಕೋಚ.