ಹಾಳೆ ಮಡಿಸುತ್ತಿದ್ದ ಅಕ್ಕ

ಗಂಡನ ಅಕ್ಕನ ಸುದ್ದಿ ಅವಳ ಕಿವಿಗೆ ಮೊದಲು ಬಿದ್ದದ್ದು ಮದುವೆಯ ಮಾತುಕತೆಯ ದಿನ. ಮುಂದೆ ಅತ್ತೆಯಾಗಲಿದ್ದ ಹೆಂಗಸು ಲೋಟ ಕೆಳಗಿಟ್ಟು ಹೇಳಿದ್ದರು: "ಮುಚ್ಚಿಡೋದೇನಿದೆ? ದೊಡ್ಡ ಮಗಳು ಮದುವೆ ಬೇಡ ಅಂತ ಮನೇಲೇ ಇದ್ದಾಳೆ. ಬೈಂಡಿಂಗ್ ಕೆಲಸ. ಅಚ್ಚಾದ ಕಾಗದ ಕೈಗೆ ಸಿಕ್ಕಿದ್ರೆ ಒಲೆ ಮೇಲಿನ ಹಾಲಿಗೂ ಅವಳಿಗೂ ಸಂಬಂಧ ಇರಲ್ಲ."

ಮೂರನೇ ತರಗತಿಗೇ ಶಾಲೆ ಬಿಟ್ಟ ಹುಡುಗಿ ಹೆದರಿದಳು. ಓದಿದವಳು ತನ್ನನ್ನು ಕಾಲಕಸ ಮಾಡುತ್ತಾಳೆಂದುಕೊಂಡಳು.

ಸೊಸೆಯಾಗಿ ಬಂದ ಮೇಲೆ ನೋಡಿದರೆ ಅಕ್ಕನ ಶಾಲೆಯೂ ಅಷ್ಟಕ್ಕಷ್ಟೇ. ಕೆಲಸ ಮೈಮೇಲೆ ಬಿದ್ದಾಗ ಅವಳು ಹಾಳೆಗಳ ಕಟ್ಟನ್ನು ಮನೆಗೇ ತರುತ್ತಿದ್ದಳು. ಇಬ್ಬರೂ ನೆಲದ ಮೇಲೆ ಕೂತು ಮಡಿಸುತ್ತಿದ್ದಾಗ ಒಮ್ಮೆ ತನ್ನ ಹುಚ್ಚಿನ ಮೂಲ ಹೇಳಿದಳು.

ಒಂಬತ್ತು ತುಂಬಿದಾಗ ಅಪ್ಪ ಅವಳನ್ನು ತಮ್ಮ ಬೈಂಡಿಂಗ್ ಅಂಗಡಿಯಲ್ಲೇ ಕೂರಿಸಿದರಂತೆ. ಅಚ್ಚಿನ ಮನೆಯಿಂದ ಬರುವ ದೊಡ್ಡ ಹಾಳೆಗೆ ಹದಿನಾರು ಪುಟ, ಮಗ್ಗುಲಿಗೆ ಎಂಟೆಂಟು. ಒಂದನೇ ಪುಟದ ಪಕ್ಕ ಹದಿನಾರನೆಯದು, ಅರ್ಧ ಪುಟಗಳು ತಲೆಕೆಳಗು. ಮೂರು ಸಲ ಸರಿಯಾಗಿ ಮಡಿಸಿದರೆ ಮಾತ್ರ ಎಲ್ಲ ಸರದಿಗೆ ಬರುತ್ತವೆ. "ಅಂಕಿ ನೋಡು, ಮಡಿಸು. ಅಕ್ಷರದ ಉಸಾಬರಿ ನಿನಗೆ ಬೇಡ" ಎಂದು ಅಪ್ಪನ ಕಟ್ಟಪ್ಪಣೆ. ಹುಡುಗಿ ಕದ್ದು ಓದಿದಳು, ಅದೂ ಹಾಸಿದ ಹಾಳೆಯನ್ನು ಹಾಸಿದ ಹಾಗೆಯೇ, ಎಡದಿಂದ ಬಲಕ್ಕೆ. ಮೊದಲು ಅಂಬಿಗನೊಬ್ಬ ದೋಣಿ ಹತ್ತಿದ. ಪಕ್ಕದಲ್ಲೇ ಅವನ ಹೆಣ ದಡಕ್ಕೆ ಬಂತು. ಆಮೇಲೆ ಅವನಿಗೂ ಹೆಂಡತಿಗೂ ಜಗಳ, ಕೊನೆಗೆ ಹೆಣ್ಣು ನೋಡುವ ಸಂಭ್ರಮ. ವಾರವಿಡೀ ತಮ್ಮನಿಗೆ ಅದೇ ಕಥೆ ಹೇಳಿದಳು.

"ಸತ್ತ ಮೇಲೆ ಮದುವೆ ಮಾಡ್ತಾರೆ ಅಂದ್ಕೊಂಡಿದ್ದೆ," ಎಂದು ಬಾಗಿಲಲ್ಲಿದ್ದ ಗಂಡ ಬಾಯಿ ಹಾಕಿದ. "ಮದುವೆಯಾದ ಮೇಲೆ ತಿಳೀತು, ಅಕ್ಕ ಪೂರ್ತಿ ತಪ್ಪೇನೂ ಹೇಳಿರಲಿಲ್ಲ."

"ಹೋಗೋ, ಕಂಡಿದ್ದೀನಿ," ಅಂದಳು ಅಕ್ಕ. ಆ ಕಥೆ ಅಪ್ಪನ ಕಿವಿಗೂ ಬಿದ್ದಿತ್ತು. ಅವರು ಬೈಯಲಿಲ್ಲ. ಹಾಳೆ ಮಡಿಸಿ, ಚಾಕುವಿನಿಂದ ಅಂಚು ಸೀಳಿ, "ಈಗ ಓದು ಪೆದ್ದಿ" ಎಂದು ಮಡಿಲಿಗೆ ಹಾಕಿದರು. "ಸತ್ತೋನು ಎದ್ದು ಬಂದ ಹಾಗಾಯ್ತು ಕಣೇ. ಆವತ್ತಿಂದ ಓದೋದು ಬಿಟ್ಟಿಲ್ಲ," ಅಂದಳು ಅಕ್ಕ.

ಐವತ್ತು ವರ್ಷ ಹಾಳೆ ಮಡಿಸಿ ಅಕ್ಕನ ಹೆಬ್ಬೆರಳು ಸೊಟ್ಟಗಾಯಿತು. ಊಟದ ಬಿಡುವಿನಲ್ಲಿ ಕೈಯ ಅಂಟು ತೊಳೆದು ಓದುತ್ತಿದ್ದಳು, ಅಚ್ಚು ಕೆಟ್ಟ ಹಾಳೆಗಳನ್ನು ಮನೆಗೆ ತಂದು ಓದುತ್ತಿದ್ದಳು. ಅತ್ತೆ ಹೋದರು, ಗಂಡ ಹೋದ. ಆಮೇಲೆ ಅಕ್ಕನ ಕಣ್ಣು ಹೋಯಿತು. ಡಾಕ್ಟರು ಕೈ ಚೆಲ್ಲಿದರು. ಅಕ್ಕ ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ನಾಲ್ಕನೆಯ ದಿನ ಕೇಳಿದಳು: "ನೀನು ಓದಿ ಹೇಳ್ತೀಯಾ? ಇಲ್ಲದಿದ್ರೆ ನಾನು ಬದುಕಿದ್ದೇನು ಸುಖ?"

ಗಂಡ ಹೋದ ಮೇಲೆ ಹೊಟ್ಟೆಪಾಡಿಗೆ ದಿನವಿಡೀ ಆಸ್ಪತ್ರೆಯ ಚಾದರ ಒಗೆದು ಬರುತ್ತಿದ್ದ ಸೊಸೆಗೆ ಸಂಜೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆದರೂ ದೀಪ ಹಾಕಿ ಕೂರುತ್ತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸುತ್ತಿದ್ದಳು.

"ಕಲ್ಲು ಆರಿಸ್ತಿದ್ದೀಯೋ, ಓದ್ತಿದ್ದೀಯೋ?"

"ಕಲ್ಲೇ ಜಾಸ್ತಿ ಇವೆ ಅಕ್ಕ, ನಾನೇನು ಮಾಡ್ಲಿ."

ಒಂದು ಸಂಜೆ ಸುಸ್ತಾಗಿ ಎರಡು ಹಾಳೆ ಒಟ್ಟಿಗೆ ಮಗುಚಿದಳು. ಅಕ್ಕ ತಟ್ಟನೆ, "ಹಿಂದಕ್ಕೆ ಹೋಗು. ಹಾಳೆ ಸದ್ದು ದಪ್ಪ ಬಂತು," ಅಂದಳು. ಸೊಸೆಗೆ ಅಳು ಬಂತು. "ನನ್ನ ಕೈ ನೋಡಿದ್ದೀರಾ? ಬಟ್ಟೆ ಒಗೆಯೋ ಸೋಡಾಕ್ಕೆ ಸುಲಿದು ಹೋಗಿದೆ," ಅಂದಳು. ಅಕ್ಕ ತಡವಿ ಆ ಕೈ ಹಿಡಿದುಕೊಂಡಳು. ಮಾರನೆಯ ದಿನ ಅಕ್ಕ ಓದೆಂದು ಕೇಳಲಿಲ್ಲ, ಅದರ ಮರುದಿನವೂ ಇಲ್ಲ. ಮೂರನೆಯ ಸಂಜೆ ಸೊಸೆಯೇ ಪುಸ್ತಕ ತೆಗೆದಳು. ಗೋಡೆಯತ್ತ ತಿರುಗಿದ ಅಕ್ಕನ ಬೆನ್ನನ್ನು ಅವಳಿಂದ ನೋಡಲಾಗಲಿಲ್ಲ.

ಹೀಗೆ ನಾಲ್ಕು ವರ್ಷ. ಕೊನೆಯ ತಿಂಗಳು ಅಕ್ಕ ಹಾಸಿಗೆ ಬಿಟ್ಟೇಳಲಿಲ್ಲ. ಒಂದು ಸಂಜೆ ಓದುತ್ತಾ ಓದುತ್ತಾ ಸೊಸೆಗೆ ತನ್ನ ದನಿ ನಿಂತದ್ದೇ ತಿಳಿಯಲಿಲ್ಲ. ಕಣ್ಣು ಮಾತ್ರ ಮುಂದೆ ಓಡುತ್ತಿತ್ತು. ಎಷ್ಟೋ ಪುಟಗಳಾದ ಮೇಲೆ ಬೆಚ್ಚಿ, "ಅಯ್ಯೋ, ಮರೆತೇಬಿಟ್ಟೆ ಅಕ್ಕ. ಎಲ್ಲಿಂದ ಓದ್ಲಿ?" ಅಂದಳು.

"ಬೇಡ, ನಿಲ್ಲಿಸಬೇಡ," ಅಂದಳು ಅಕ್ಕ. ದನಿ ತೀರ ಸಣ್ಣದಾಗಿತ್ತು. "ನಿನ್ನ ಪಾಡಿಗೆ ನೀನು ಓದಿ ಮುಗಿಸು. ಆಮೇಲೆ ಎರಡು ಮಾತಲ್ಲಿ ಹೇಳು, ಸಾಕು."