ಎರಡು ಆಣೆ, ಒಂದು ಓಟು

ಆಗ ನಾನು ಶಾಲಾ ಮಾಸ್ತರ. ಎಪ್ಪತ್ತರ ದಶಕದ ಒಂದು ಚುನಾವಣೆಗೆ ಮುಂಡರಗಿ ಕಡೆಯ ಹಳ್ಳಿಯೊಂದರ ಮತಗಟ್ಟೆಗೆ ನನ್ನನ್ನು ಅಧಿಕಾರಿಯಾಗಿ ಹಾಕಿದ್ದರು. ಮಧ್ಯಾಹ್ನ ಬಂದ ಮುದುಕಿಯೊಬ್ಬಳು ಮತಪತ್ರ ಹಿಡಿದು ನನ್ನೆದುರೇ ನಿಂತುಬಿಟ್ಟಳು.

"ಎರಡೂ ಗುರುತಿಗೆ ಸಿಕ್ಕಾ ಒತ್ತಿದ್ರ ನಡೀತೈತೇನ್ರಿ ಸಾಹೇಬ್ರ?"

"ಇಲ್ಲ ಯವ್ವಾ, ಓಟು ಕೆಡತೈತಿ. ಎರಡು ಯಾಕ?"

ಅವಳು ಬೆಂಚಿನ ಮೇಲಿದ್ದ ಎರಡೂ ಪಕ್ಷದ ಏಜೆಂಟರನ್ನು ತೋರಿಸಿದಳು. "ನಿನ್ನೆ ಮುಂಜಾನಿ ಇವ ಹನಮಪ್ಪನ ಅಂಗಾರ ಮುಟ್ಟಿಸಿ, ತನ್ನ ಗುರುತಿಗೇ ಒತ್ತಬೇಕಂತ ಮೊಮ್ಮಗನ ಮ್ಯಾಲ ಆಣಿ ಮಾಡಿಸಿದ. ಸಂಜಿಗೆ ಅವ ದರ್ಗಾದ ಊದಿ ಮುಟ್ಟಿಸಿ, ತನ್ನ ಗುರುತಿಗಂತ ಅಂಥಾದ ಆಣಿ ಮಾಡಿಸಿದ. ನಮ್ಮ ಮನ್ಯಾಗ ಎರಡೂ ದೇವರಿಗೆ ನಡಕೋತೀವ್ರಿ. ಓಟು ಕೆಟ್ರ ಕೆಡಲಿ, ಹುಡುಗಗ ಏನೂ ಆಗಬಾರ್ದು."

ನನ್ನ ಮೈ ಉರಿದುಹೋಯಿತು. "ಆಕಿ ಆಣಿ ವಾಪಸ್ ತಗೋರಿ," ಅಂದೆ ಇಬ್ಬರಿಗೂ.

ಬೆಳಗಿನಿಂದ ಒಂದೊಂದು ಹೆಸರಿಗೂ ಜಗಳ ತೆಗೆದಿದ್ದವರು ಈಗ ಒಂದಾದರು. "ದೇವರ ವಿಷಯ ಐತ್ರಿ ಮಾಸ್ತರ, ನಾವು ನಡುವ ಬರಬಾರ್ದು," ಅಂದ ಒಬ್ಬ. ಇನ್ನೊಬ್ಬ ಭಕ್ತಿಯಿಂದ ತಲೆಯಾಡಿಸಿದ.

ಮುದುಕಿ ಪರದೆಯ ಹಿಂದೆ ಹೋಗಿ ಎರಡು ಸಲ ಸಿಕ್ಕಾ ಒತ್ತಿದ ಸದ್ದು ನನಗೆ ಕೇಳಿಸಿತು. ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ, ಕೈಮುಗಿದು ಹೋದಳು.

ಸಂಜೆ ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಮೇಲಧಿಕಾರಿ ಓದಿ, ಹರಿದುಹಾಕಿ, ಹೊಸ ಹಾಳೆ ಮುಂದಿಟ್ಟರು. ಮತದಾನ ಶಾಂತವಾಗಿ, ಯಾರ ಒತ್ತಡವೂ ಇಲ್ಲದೆ ನಡೆಯಿತು ಎಂದು ಬರೆದು ಸಹಿ ಹಾಕಿದೆ.

ಆ ಸಹಿಗೆ ನನ್ನಿಂದ ಆಣೆ ಮಾಡಿಸುವ ಪ್ರಸಂಗವೇ ಯಾರಿಗೂ ಬರಲಿಲ್ಲ.